ಸ್ವಂತ ಮನೆ ಕೊಂಡ ಮೇಲೆ ಎದೆಯ ಮಾತನ್ನೂ ಸ್ವಲ್ಪ ಕೇಳಿ

ಕೋಲ್ಕತ್ತಾದ ಅಲಿಪುರದಿಂದ ಬರೆಯುತ್ತಿದ್ದೇನೆ.

ಹೊರನಾಡಿನಲ್ಲಿ ಹತ್ತು ಹದಿನೈದು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದು, ಕೊನೆಗೊಮ್ಮೆ ಧೈರ್ಯ ಮಾಡಿ ಸ್ವಂತ ಫ್ಲ್ಯಾಟ್ ಕೊಂಡವರು ನಮ್ಮ ನಡುವೆ ತುಂಬಾ ಜನ ಇದ್ದಾರೆ. ಗೃಹಪ್ರವೇಶದ ದಿನ ಹಾಲು ಉಕ್ಕಿಸಿದ ವಿಡಿಯೊ ಎಲ್ಲ ಗುಂಪುಗಳಿಗೂ ಬರುತ್ತದೆ. ನಾವೂ ಕೈಮುಗಿಯುವ ಚಿತ್ರ ಹಾಕಿ ಶುಭ ಕೋರುತ್ತೇವೆ. ಆರು ತಿಂಗಳೋ ಎಂಟು ತಿಂಗಳೋ ಕಳೆದ ಮೇಲೆ ಅವರಲ್ಲೇ ಕೆಲವರು ನನ್ನ ಮುಂದೆ ಕುಳಿತು, ಇಸಿಜಿ ಕಾಗದ ಕೈಗೆ ಕೊಡುತ್ತಾ, ನಾನು ಕೇಳದೆಯೇ ಒಂದು ಮಾತು ಹೇಳುತ್ತಾರೆ: "ಡಾಕ್ಟ್ರೇ, ಆ ಮನೆ ತಗೊಂಡು ತಪ್ಪು ಮಾಡಿದ್ವಿ ಅನ್ಸುತ್ತೆ."

ಹೃದಯದ ಡಾಕ್ಟರಿಗೂ ಮನೆ ಸಾಲಕ್ಕೂ ಏನು ಸಂಬಂಧ ಅಂತ ನಿಮಗೆ ಅನಿಸಬಹುದು. ಮೊದಲು ನನಗೂ ಹಾಗೇ ಅನಿಸುತ್ತಿತ್ತು. ಆಮೇಲೆ ನಾನೂ ಒಂದು ಫ್ಲ್ಯಾಟ್ ಕೊಂಡೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ನಮ್ಮ ಹಿರಿಯರು ಹೇಳಿದ್ದು ಮನೆ ಕಟ್ಟುವವರಿಗೆ. ಕಟ್ಟಿದ ಮನೆಯನ್ನು ಕೊಳ್ಳುವವರ ಪಾಡು ಇನ್ನೊಂದು ಥರ. ದಾಖಲೆಯಲ್ಲಿ ಇರುವ ಚದರಡಿ ಒಂದು, ಟೇಪು ಹಿಡಿದು ಒಳಗೆ ಅಳೆದಾಗ ಸಿಗುವುದು ಇನ್ನೊಂದು. ಸ್ಟ್ಯಾಂಪ್ ಡ್ಯೂಟಿ, ನೋಂದಣಿ, ಪಾರ್ಕಿಂಗು, ಕಾರ್ಪೊರೇಷನ್ನಿನ ಮ್ಯುಟೇಷನ್ (ನಮ್ಮ ಕಡೆಯ ಖಾತೆ ಬದಲಾವಣೆ ಇದ್ದ ಹಾಗೆ), ಕಿಟಕಿಗೆ ಗ್ರಿಲ್, ಅಡುಗೆಮನೆಗೆ ಕಪಾಟು, ಒಂದೊಂದೂ ಬೇರೆ ಬೇರೆ ಬಿಲ್ಲು. ಇದೆಲ್ಲ ಮುಗಿಯಿತು ಅನ್ನುವಷ್ಟರಲ್ಲಿ ಬ್ಯಾಂಕಿನಿಂದ ಮೊದಲ ವರ್ಷದ ಲೆಕ್ಕ ಬರುತ್ತದೆ. 50 ಲಕ್ಷದ ಸಾಲ, 20 ವರ್ಷ, ಶೇಕಡಾ 8.5 ಬಡ್ಡಿ ಅಂತ ಇಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 43,400 ರೂಪಾಯಿ. ಮೊದಲ ಕಂತಿನಲ್ಲಿ 35,400ರಷ್ಟು ಬಡ್ಡಿಗೇ ಹೋಗುತ್ತದೆ, ಅಸಲಿಗೆ ಜಮೆಯಾಗುವುದು 8,000 ಮಾತ್ರ. ವರ್ಷವಿಡೀ ಕಟ್ಟಿದ ಮೇಲೂ ಸಾಲ ಒಂದು ಲಕ್ಷದ ಆಸುಪಾಸಿನಷ್ಟೇ ಇಳಿದಿರುತ್ತದೆ. ಆ ಕಾಗದ ನೋಡಿದ ರಾತ್ರಿ ನಿದ್ದೆ ಬರದಿದ್ದರೆ ಅದು ನಿಮ್ಮ ದೌರ್ಬಲ್ಯ ಅಲ್ಲ, ಲೆಕ್ಕವೇ ಹಾಗಿದೆ.

ಈ ಚಿಂತೆ ದೇಹದೊಳಗೆ ಏನು ಮಾಡುತ್ತದೆ? ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಎರಡು ಹಾರ್ಮೋನುಗಳ ಹೆಸರು ನೀವು ಕೇಳಿರುತ್ತೀರಿ. ಹುಲಿ ಎದುರಾದಾಗ ಓಡಿಹೋಗಲು ಬೇಕಾದವು ಇವು. ನಾಡಿ ಏರುತ್ತದೆ, ರಕ್ತನಾಳ ಬಿಗಿಯಾಗುತ್ತದೆ, ಬಿಪಿ ಹೆಚ್ಚುತ್ತದೆ, ಸಕ್ಕರೆ ಏರುತ್ತದೆ, ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟಲಿ ಅಂತ ರಕ್ತದ ಕಣಗಳು ಅಂಟಂಟಾಗುತ್ತವೆ. ಹುಲಿ ಹತ್ತು ನಿಮಿಷದಲ್ಲಿ ಹೋಗುತ್ತದೆ. ಸಾಲ 20 ವರ್ಷ ಬಾಗಿಲಲ್ಲೇ ಕೂತಿರುತ್ತದೆ. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನ 52 ದೇಶಗಳ ಸುಮಾರು 30,000 ಜನರನ್ನು ನೋಡಿತು. ಹೃದಯಾಘಾತಕ್ಕೆ ಅದು ಗುರುತಿಸಿದ ಒಂಬತ್ತು ಮುಖ್ಯ ಅಂಶಗಳಲ್ಲಿ ಧೂಮಪಾನ, ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟರಾಲ್‌ಗಳ ಜೊತೆ ಮಾನಸಿಕ ಒತ್ತಡವೂ ಇತ್ತು. ಹಣಕಾಸಿನ ಒತ್ತಡವನ್ನೂ ಅವರು ಕೇಳಿ ಬರೆದುಕೊಂಡಿದ್ದರು. ಅದೇ ಅಧ್ಯಯನದ ದಕ್ಷಿಣ ಏಷ್ಯಾದ ಲೆಕ್ಕ 2007ರಲ್ಲಿ ಬಂತು. ಬೇರೆ ದೇಶಗಳವರಿಗೆ ಮೊದಲ ಹೃದಯಾಘಾತ ಸರಾಸರಿ 59ರ ಸುಮಾರಿಗೆ ಆದರೆ ನಮ್ಮವರಿಗೆ 53ಕ್ಕೇ. ಅಂದರೆ ನಲವತ್ತರಲ್ಲಿ 20 ವರ್ಷದ ಸಾಲಕ್ಕೆ ಸಹಿ ಹಾಕಿದವರಿಗೆ ಆ ವಯಸ್ಸು ಸಾಲದ ನಡುಮಧ್ಯದಲ್ಲೇ ಬರುತ್ತದೆ.

ಆದರೂ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. "ಟೆನ್ಷನ್ನಿಂದ ಹಾರ್ಟ್ ಅಟ್ಯಾಕ್" ಅಂತ ಗುಂಪುಗಳಲ್ಲಿ ಬರುವ ಸಂದೇಶಗಳಷ್ಟು ಸರಳವಾಗಿಲ್ಲ ಇದು. ನಾನು ಕಂಡ ಹೆಚ್ಚಿನವರಲ್ಲಿ ಚಿಂತೆ ಒಂದೇ ಬಂದು ಎದೆಗೆ ಒದ್ದಿಲ್ಲ. ಮನೆ ಮಾಡಿದ ಹಾನಿ ಬೇರೆ ದಾರಿಯಿಂದ ಬಂದಿದೆ. ಹೊಸ ಮನೆ ಅನ್ನುವುದು ಒಂದೆರಡು ವರ್ಷ ಇಡೀ ಸಂಸಾರದ ಗಮನವನ್ನು ಕಿತ್ತುಕೊಳ್ಳುತ್ತದೆ. ಆ ಹೊತ್ತಿನಲ್ಲಿ ದೇಹ ಏನಾದರೂ ದೂರು ಹೇಳಿದರೆ, ಅದನ್ನೂ ಮನೆಯ ಖಾತೆಗೇ ಬರೆದುಬಿಡುತ್ತೇವೆ. ಕೆಮ್ಮಿದರೆ ಪೇಂಟಿನ ವಾಸನೆ. ಎದೆ ಬಿಗಿದರೆ ಪ್ರೊಮೋಟರ್ ಜೊತೆ ಜಗಳ ಆಡಿದ್ದು. ತಲೆ ಸುತ್ತಿದರೆ ಇಎಂಐ. ಸುಸ್ತಾದರೆ ಸಾಮಾನು ಸಾಗಿಸಿದ್ದು.

ನಾನೂ ಹೀಗೇ ಮಾಡಿದೆ. ಅದನ್ನೇ ಹೇಳಬೇಕು ಅಂತ ಇಷ್ಟು ಪೀಠಿಕೆ.

ಅಲಿಪುರ ಅಂದರೆ ಕೋಲ್ಕತ್ತಾದವರಿಗೆ ಪ್ರಾಣಿಸಂಗ್ರಹಾಲಯ, ನ್ಯಾಷನಲ್ ಲೈಬ್ರರಿ, ಮತ್ತೆ ಹವಾಮಾನ ಕಚೇರಿ. ಬಂಗಾಳಿ ಪತ್ರಿಕೆಗಳಲ್ಲಿ ಮಳೆಯ ಸುದ್ದಿ ಬಂದಾಗಲೆಲ್ಲ ಅಲಿಪುರದ ಹೆಸರು ಇರುತ್ತದೆ. ಇಲ್ಲಿಯ ಗಾಳಿಯಲ್ಲಿ ನೀರು ಎಷ್ಟಿದೆ ಅಂತ ದಿನವೂ ಊರಿಗೆಲ್ಲ ಹೇಳುವ ಕಚೇರಿಯ ನೆರೆಯಲ್ಲೇ ಮನೆ ಕೊಂಡು, ಗೋಡೆಯ ತೇವದ ಬಗ್ಗೆ ವಿಚಾರಿಸದೆ ಸಹಿ ಹಾಕಿದ ಬುದ್ಧಿವಂತ ನಾನು. ನೋಡಲು ಹೋದದ್ದು ಜನವರಿಯಲ್ಲಿ. ಗೋಡೆಗಳು ಹೊಳೆಯುತ್ತಿದ್ದವು. ಜುಲೈ ಕೊನೆಯ ಹೊತ್ತಿಗೆ ಪಡುವಣ ಗೋಡೆಯ ಬಣ್ಣ ಗುಳ್ಳೆ ಎದ್ದು, ಒಳಗಿನಿಂದ ಬಿಳಿ ಉಪ್ಪು ಹಿಟ್ಟಿನ ಹಾಗೆ ಉದುರತೊಡಗಿತು. ಇದಕ್ಕೆ ಇಲ್ಲಿಯವರು "ನೋನಾ ಧರಾ" ಅನ್ನುತ್ತಾರೆ, ಗೋಡೆಗೆ ಉಪ್ಪು ಹಿಡಿಯುವುದು. ಇಟ್ಟಿಗೆಯಲ್ಲಿ ಇರುವ ಲವಣವನ್ನು ಒಳಗೆ ಸೇರಿದ ನೀರು ಕರಗಿಸಿ ಹೊರಗೆ ತರುತ್ತದೆ, ನೀರು ಆರಿದ ಮೇಲೆ ಉಪ್ಪು ಗೋಡೆಯ ಮೇಲೆ ಉಳಿಯುತ್ತದೆ. ಮೇಲೆ ಎಷ್ಟು ಸಲ ಬಣ್ಣ ಬಳಿದರೂ ನೀರಿನ ದಾರಿ ಮುಚ್ಚದಿದ್ದರೆ ಮತ್ತೆ ಬರುತ್ತದೆ. ಜೊತೆಗೆ ಬಚ್ಚಲುಮನೆಯ ನೆಲದಿಂದ ಕೆಳಗಿನ ಮನೆಯ ಸೂರಿಗೆ ನೀರು ಸೋರಿ, ಅವರೂ ಬಂದು ಬಾಗಿಲು ತಟ್ಟಿದರು.

ಅಮ್ಮ ಅದೇ ಸಮಯಕ್ಕೆ ತೀರ್ಥಹಳ್ಳಿ ಕಡೆಯಿಂದ ಬಂದಿದ್ದಳು. ಎಪ್ಪತ್ತೆರಡು ವರ್ಷ. ಬಿಪಿ ಬಹಳ ಹಳೆಯದು, ಮಾತ್ರೆ ನಡೆಯುತ್ತಿತ್ತು. ಬಂದು ಎರಡು ವಾರಕ್ಕೆ ರಾತ್ರಿ ಕೆಮ್ಮು ಶುರುವಾಯಿತು. ಮಲಗಿ ಒಂದೆರಡು ಗಂಟೆಗೆ ಎದ್ದು ಕೂತು ಕೆಮ್ಮುವಳು, ಕಿಟಕಿ ತೆಗೆದು ಸ್ವಲ್ಪ ಹೊತ್ತು ಕೂತರೆ ಕಡಿಮೆ ಆಗುವುದು. ನನಗೆ ಅನುಮಾನವೇ ಬರಲಿಲ್ಲ. ಅವಳ ಮಂಚ ಇದ್ದದ್ದು ಆ ನೋನಾ ಹಿಡಿದ ಗೋಡೆಯ ಪಕ್ಕದಲ್ಲೇ. ಬೂಷ್ಟು, ಧೂಳು, ಅಲರ್ಜಿ ಅಂತ ತೀರ್ಮಾನಿಸಿದೆ. ಮಂಚ ಸರಿಸಿದೆ, ಕೆಮ್ಮಿನ ಔಷಧಿ ತಂದೆ. ಆಮೇಲೆ ಕಟ್ಟಿಸಿದವನಿಗೆ ಫೋನು ಮಾಡಿ, "ನಿಮ್ಮ ಗೋಡೆಯಿಂದ ನನ್ನ ತಾಯಿಗೆ ಕಾಯಿಲೆ ಬಂದಿದೆ" ಅಂತ ಕೂಗಾಡಿದೆ. ಮೂರು ವಾರ ಹೀಗೇ ಹೋಯಿತು. ಪ್ರತಿ ಸಂಜೆ ಗೋಡೆಯ ಫೋಟೊ ತೆಗೆದು ಕಳಿಸುತ್ತಿದ್ದೆ. ಒಂದು ದಿನವೂ ಅಮ್ಮನ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಲಿಲ್ಲ.

ನನಗೆ ಹೊಳೆಯಬೇಕಾಗಿದ್ದ ಸಂಗತಿ ಕಣ್ಣೆದುರಿಗೇ ಇತ್ತು. ಮಲೆನಾಡಿನ ಮಳೆಯಲ್ಲಿ ಎಪ್ಪತ್ತು ವರ್ಷ ಬದುಕಿದವಳು ಅವಳು. ಆಷಾಢದಲ್ಲಿ ಮಣ್ಣಿನ ಗೋಡೆ ಬೆವರುವ ಮನೆಯಲ್ಲಿ ಮಕ್ಕಳನ್ನು ಸಾಕಿದವಳು. ಥಂಡಿ ಗೋಡೆಗೆ ಒಂದು ದಿನ ಕೆಮ್ಮಿದವಳಲ್ಲ. ಅವಳೇ ಒಮ್ಮೆ ನಗುತ್ತಾ ಹೇಳಿದ್ದಳು, "ಇದೆಂಥಾ ಥಂಡಿಯೋ ಮಾರಾಯ, ನಮ್ಮನೆ ಕೊಟ್ಟಿಗೆ ಇದಕ್ಕಿಂತ ಒದ್ದೆ."

ಒಂದು ರಾತ್ರಿ ನೀರು ಕುಡಿಯಲು ಎದ್ದವನು ಅವಳ ಕೋಣೆಯ ದೀಪ ಉರಿಯುವುದು ನೋಡಿ ಇಣುಕಿದೆ. ಮೂರು ದಿಂಬು ಪೇರಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದಳು. ಕಾಲು ಹೊದಿಕೆಯಿಂದ ಹೊರಗೆ ಇತ್ತು. ಹೆಬ್ಬೆರಳಿನಿಂದ ಒತ್ತಿ ನೋಡಿದೆ, ಕುಳಿ ಹಾಗೇ ನಿಂತಿತು. ಯಾವುದೇ ಎರಡನೇ ವರ್ಷದ ವಿದ್ಯಾರ್ಥಿಗೂ ಗೊತ್ತಾಗುವ ಚಿತ್ರ ಅದು. ಹೃದಯ ವೈಫಲ್ಯ. ಹೃದಯ ನಿಂತುಹೋಯಿತು ಅಂತ ಅರ್ಥ ಅಲ್ಲ. ಅದು ಬೇಕಾದಷ್ಟು ರಕ್ತ ಪಂಪ್ ಮಾಡಲಾಗದೆ, ನೀರು ಕಾಲಿನಲ್ಲೂ ಶ್ವಾಸಕೋಶದಲ್ಲೂ ನಿಲ್ಲುತ್ತಿದೆ ಅಂತ ಅರ್ಥ. ಮಲಗಿದಾಗ ಕಾಲಿನ ನೀರು ಎದೆಯ ಕಡೆಗೆ ಬರುತ್ತದೆ, ಆದ್ದರಿಂದಲೇ ಮಲಗಿದ ಮೇಲೆ ಕೆಮ್ಮು, ಕೂತರೆ ಹಾಯಿ.

ಆಸ್ಪತ್ರೆಯಲ್ಲಿ ಎಕೋ ಆಯಿತು, ರಕ್ತ ಪರೀಕ್ಷೆ ಆಯಿತು, ನಾಲ್ಕು ದಿನದಲ್ಲಿ ಸುಧಾರಿಸಿದಳು. ಆಗ ಕೂತು ಕೇಳಿದಾಗ ಕಾರಣ ಹೊರಗೆ ಬಂತು. ಅವಳ ಮಾತ್ರೆಗಳಲ್ಲಿ ಒಂದು, ಮೂತ್ರ ಹೆಚ್ಚು ಹೋಗುವಂತೆ ಮಾಡುವ "ನೀರಿನ ಮಾತ್ರೆ". ಬಚ್ಚಲುಮನೆ ಅಗೆದು ರಿಪೇರಿ ಮಾಡುತ್ತಿದ್ದರಲ್ಲ, ಬೆಳಗಿನಿಂದ ಸಂಜೆವರೆಗೆ ಕೆಲಸದವರು ಅಲ್ಲೇ ಇರುತ್ತಿದ್ದರು. ಇನ್ನೊಂದು ಬಚ್ಚಲು ನಮ್ಮ ಮಲಗುವ ಕೋಣೆಯೊಳಗೆ. ಸೊಸೆಯ ಕೋಣೆಗೆ ಪದೇಪದೇ ಹೋಗಲು ಸಂಕೋಚ. ಅದಕ್ಕೆ ಅವಳು ಯಾರಿಗೂ ಹೇಳದೆ ಆ ಮಾತ್ರೆ ನಿಲ್ಲಿಸಿದ್ದಳು. "ಬಚ್ಚಲು ರೆಡಿ ಆದ ಮೇಲೆ ಶುರು ಮಾಡೋಣ ಅಂದ್ಕೊಂಡೆ" ಅಂದಳು. ಜೊತೆಗೆ ಊರಿನಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ಎರಡು ಹೊತ್ತೂ ನಡೆಯುತ್ತಿತ್ತು. ದಿನಕ್ಕೆ 5 ಗ್ರಾಂ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಉಪ್ಪಿನಕಾಯಿಯ ಮುಂದೆ ಆ ಲೆಕ್ಕ ನಿಲ್ಲುವುದಿಲ್ಲ.

ಗೋಡೆಯ ಮೇಲಿನ ಉಪ್ಪಿನ ಚಿಂತೆಯಲ್ಲಿ ಅಮ್ಮನ ತಟ್ಟೆಯ ಉಪ್ಪು ನನಗೆ ಕಾಣಲಿಲ್ಲ.

ಆದ್ದರಿಂದ ದಯವಿಟ್ಟು ನೆನಪಿಡಿ. ತೇವದ ಗೋಡೆ, ಬೂಷ್ಟಿನಿಂದ ಕೆಮ್ಮು, ಮೂಗು ಸೋರುವುದು, ಅಸ್ತಮಾ ಕೆರಳುವುದು ನಿಜವೇ. ಆದರೆ ಮಲಗಿದರೆ ಉಸಿರು ಕಟ್ಟಿ ಕೂತರೆ ಸರಿಹೋಗುವುದು, ದಿಂಬುಗಳ ಸಂಖ್ಯೆ ಹೆಚ್ಚುವುದು, ಸಂಜೆ ಪಾದ ಊದುವುದು, ಮೂರು ದಿನದಲ್ಲಿ 2 ಕಿಲೋ ತೂಕ ಏರುವುದು, ಇವು ಗೋಡೆಯ ಕೆಲಸ ಅಲ್ಲ. ಊರಿನಿಂದ ಬಂದ ತಂದೆತಾಯಿಯ ಮಾತ್ರೆ ಡಬ್ಬಿಯನ್ನು ನೀವೇ ತೆರೆದು ಎಣಿಸಿ ನೋಡಿ. "ತಗೋತಾ ಇದ್ದೀಯಾ?" ಅಂತ ಕೇಳಿದರೆ ಎಲ್ಲರೂ "ಹೂಂ" ಅನ್ನುತ್ತಾರೆ. ಬಚ್ಚಲಿಗೆ ಹೋಗುವ ದಾರಿ ಅವರಿಗೆ ಅನುಕೂಲವಾಗಿದೆಯೇ ಅಂತಲೂ ಕೇಳಿ. ನಮ್ಮ ವಯಸ್ಸಾದವರು, ಅದರಲ್ಲೂ ಹೆಂಗಸರು, ಇದನ್ನು ತಾವಾಗಿ ಹೇಳುವುದಿಲ್ಲ.

ಎದೆನೋವಿನ ವಿಷಯದಲ್ಲಿ ನಡೆಯುವುದು ಇದೇ ತಪ್ಪು, ಅಪಾಯ ಮಾತ್ರ ಹೆಚ್ಚು. ಹೊಸ ಮನೆಗೆ ಸಾಮಾನು ಸಾಗಿಸಿದ ವಾರ, ಬಣ್ಣ ಬಳಿಸಿದ ವಾರ, ನಲವತ್ತೆಂಟರ ಗಂಡಸು "ಕೈ ಎತ್ತಿ ಕೆಲಸ ಮಾಡಿ ಎದೆ ಹಿಡಿದಿದೆ" ಅನ್ನುತ್ತಾನೆ. ಇರಬಹುದು. ಬೆರಳಿಟ್ಟು ಒತ್ತಿದ ಜಾಗದಲ್ಲೇ ನೋವು, ತೋಳು ತಿರುಗಿಸಿದರೆ ನೋವು ಅಂದರೆ ಹೆಚ್ಚಾಗಿ ಸ್ನಾಯುವಿನದು. ಆದರೆ ಎದೆಯ ನಡುವೆ ಭಾರ, ಕಲ್ಲಿಟ್ಟ ಹಾಗೆ, ಬಿಗಿದು ಕಟ್ಟಿದ ಹಾಗೆ. ದವಡೆಗೆ, ಭುಜಕ್ಕೆ, ಎಡಗೈಗೆ ಅಥವಾ ಎರಡೂ ಕೈಗೆ ಹರಡುವುದು. ತಣ್ಣನೆ ಬೆವರು, ಉಸಿರುಗಟ್ಟುವುದು, ವಾಂತಿ ಬಂದ ಹಾಗೆ ಆಗುವುದು, ಇವು ಇದ್ದರೆ ಕಾರಣ ಹುಡುಕುತ್ತಾ ಕೂರಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ನೋವೇ ಇಲ್ಲದೆ ಬರೀ ಬೆವರು, ಸುಸ್ತು, ಏದುಸಿರು ಬರಬಹುದು. ಗ್ಯಾಸ್ ಮಾತ್ರೆ ನುಂಗಿ ಬೆಳಗಿನವರೆಗೆ ಕಾಯುವುದು ನಮ್ಮ ಜನರ ದೊಡ್ಡ ಕೆಟ್ಟ ಅಭ್ಯಾಸ. ಇಸಿಜಿ ಇರುವ ಆಸ್ಪತ್ರೆಗೆ ನೇರ ಹೋಗಿ, ಕಾರು ನೀವೇ ಓಡಿಸಬೇಡಿ. ಆಸ್ಪತ್ರೆ ಮುಟ್ಟಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ಕೇಳಿ ಮಾಡಿಸಿಕೊಳ್ಳಿ. ಮೊದಲ ಇಸಿಜಿ ಸರಿ ಇದ್ದ ಮಾತ್ರಕ್ಕೆ ಹೃದಯಾಘಾತ ಇಲ್ಲ ಅಂತ ಆಗುವುದಿಲ್ಲ. ಟ್ರೋಪೋನಿನ್ ರಕ್ತ ಪರೀಕ್ಷೆಯನ್ನು ಕೆಲವು ಗಂಟೆ ಬಿಟ್ಟು ಮತ್ತೆ ಮಾಡುವುದು ಅದಕ್ಕೇ. "ಮತ್ತೆ ಯಾಕೆ ದುಡ್ಡು ಕೀಳ್ತಾರೆ" ಅಂತ ಎದ್ದು ಬರಬೇಡಿ.

ಇನ್ನೊಂದು ಸುಳಿವು ನಿಮ್ಮ ಹೊಸ ಮನೆಯ ಮೆಟ್ಟಿಲೇ ಕೊಡುತ್ತದೆ. ಎರಡು ಮಹಡಿ ಹತ್ತುವಾಗ ಎದೆ ಹಿಡಿದು, ನಿಂತರೆ ಐದು ನಿಮಿಷದಲ್ಲಿ ಬಿಡುತ್ತದೆ ಅಂದರೆ ಅದು ಆಂಜೈನಾ ಇರಬಹುದು, ಹೃದಯದ ರಕ್ತನಾಳ ಕಿರಿದಾಗಿರುವ ಸೂಚನೆ. ಆ ವಾರವೇ ತೋರಿಸಿ. ಲಿಫ್ಟ್ ಹತ್ತಿ ತಪ್ಪಿಸಿಕೊಳ್ಳುವ ವಿಷಯ ಅಲ್ಲ.

ಲಿಫ್ಟಿನ ಮಾತು ಬಂತು. ಮನೆ ನೋಡುವಾಗ ನಾವು ವಾಸ್ತು ನೋಡುತ್ತೇವೆ, ಬಾಗಿಲು ಯಾವ ದಿಕ್ಕಿಗೆ ಅಂತ ನೋಡುತ್ತೇವೆ. ಸ್ಟ್ರೆಚರ್ ಲಿಫ್ಟಿನೊಳಗೆ ಹಿಡಿಸುತ್ತದೆಯೇ ಅಂತ ನೋಡುವವರನ್ನು ನಾನು ಕಂಡಿಲ್ಲ. ನಾನೂ ನೋಡಲಿಲ್ಲ, ನಮ್ಮ ಲಿಫ್ಟಿನಲ್ಲಿ ಹಿಡಿಸುವುದಿಲ್ಲ. ಅಮ್ಮನನ್ನು ಆ ರಾತ್ರಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ಲಿಫ್ಟಿಗೆ ಏರಿಸಿ ಇಳಿಸಿದೆವು. 2020ರ ಮೇ 20ರಂದು ಆಂಫಾನ್ ಚಂಡಮಾರುತ ಬಂದಾಗ ಕೋಲ್ಕತ್ತಾದ ಎಷ್ಟೋ ಬಡಾವಣೆಗಳಲ್ಲಿ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಮೇಲಿನ ಮಹಡಿಯ ವೃದ್ಧರು ಕೆಳಗೆ ಇಳಿಯಲಾಗದೆ, ಔಷಧಿ ಮುಗಿದು ಕೂತಿದ್ದರು. ದುರ್ಗಾಪೂಜೆಯ ಐದು ದಿನ ಪೆಂಡಾಲು ಹಾಕಿದ ಗಲ್ಲಿಗೆ ಆಂಬುಲೆನ್ಸ್ ನುಗ್ಗುವುದು ಕಷ್ಟ. ನೀವು ಪುಣೆಯಲ್ಲೋ ಮುಂಬಯಿಯಲ್ಲೋ ದುಬೈಯಲ್ಲೋ ಇರಬಹುದು, ಪ್ರಶ್ನೆ ಅದೇ. ಕರೆಂಟ್ ಹೋದರೆ ಲಿಫ್ಟಿಗೆ ಜನರೇಟರ್ ಇದೆಯೇ? ರಾತ್ರಿ ಗೇಟಿನ ಬೀಗದ ಕೈ ಯಾರ ಹತ್ತಿರ? ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ? ಹತ್ತಿರದಲ್ಲಿ ರಾತ್ರಿಯೂ ಆಂಜಿಯೋಪ್ಲಾಸ್ಟಿ ಮಾಡುವ ಆಸ್ಪತ್ರೆ ಯಾವುದು, ಅದರ ನಂಬರ್ ಮನೆಯ ಎಲ್ಲರ ಫೋನಿನಲ್ಲಿ ಇದೆಯೇ? ಹೊಸ ಬಡಾವಣೆಗೆ ಬಂದಾಗ ಹಾಲಿನವನನ್ನು ಮೊದಲ ದಿನ ಹುಡುಕುತ್ತೇವೆ, ಆಸ್ಪತ್ರೆಯನ್ನು ಬೇಕಾದ ರಾತ್ರಿಯೇ ಹುಡುಕುತ್ತೇವೆ.

ಈಗ ದುಡ್ಡಿನ ವಿಷಯ. ಕಂತು ಶುರುವಾದ ಮೇಲೆ ಖರ್ಚು ಎಲ್ಲಿ ಕಡಿಮೆ ಮಾಡುವುದು ಅಂತ ಕೂತಾಗ ಮೊದಲು ಕತ್ತರಿ ಬೀಳುವುದು ಕಾಣದ ಖರ್ಚಿಗೆ. ವರ್ಷದ ರಕ್ತ ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಬಿಪಿ ಮಾತ್ರೆ ದಿನ ಬಿಟ್ಟು ದಿನ ಆಗುತ್ತದೆ. ಆರೋಗ್ಯ ವಿಮೆಯ ಕಂತು "ಈ ವರ್ಷ ಬೇಡ" ಆಗುತ್ತದೆ. ಮಾತ್ರೆಯ ಖರ್ಚು ಭಾರವಾದರೆ ನಿಮ್ಮ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಅದೇ ಔಷಧಿಯ ಅಗ್ಗದ ಜೆನೆರಿಕ್ ರೂಪ ಜನೌಷಧಿ ಅಂಗಡಿಗಳಲ್ಲಿ ಸಿಗುತ್ತದೆ, ಬರೆದುಕೊಡಲು ನಮಗೆ ಬೇಜಾರಿಲ್ಲ. ಹೇಳದೆ ಬಿಟ್ಟರೆ ಮಾತ್ರ ಕಷ್ಟ.

ವಿಮೆಯ ಬಗ್ಗೆ ಒಂದು ಗೊಂದಲ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಸಾಲ ಕೊಡುವಾಗ ಒಂದು ವಿಮೆಯನ್ನು ಜೊತೆಗೆ ಮಾರುತ್ತಾರೆ, ಅದರ ಹಣವನ್ನೂ ಹಲವು ಸಲ ಸಾಲಕ್ಕೇ ಸೇರಿಸುತ್ತಾರೆ. ಅದು ಸಾಲಗಾರ ತೀರಿಕೊಂಡರೆ ಬಾಕಿ ಸಾಲ ತೀರಿಸುವ ವಿಮೆ. ಆಸ್ಪತ್ರೆಯ ಬಿಲ್ಲು ಕಟ್ಟುವುದು ಅದರ ಕೆಲಸ ಅಲ್ಲ. ಗಂಡನನ್ನು ತುರ್ತು ಘಟಕಕ್ಕೆ ಸೇರಿಸಿ, ಹೆಂಡತಿ ಆ ಕಾಗದ ಹಿಡಿದು ಕೌಂಟರಿನಲ್ಲಿ ನಿಂತದ್ದು ನೋಡಿದ್ದೇನೆ. ನಿಮ್ಮದು ಯಾವುದು ಅಂತ ಇವತ್ತೇ ತೆಗೆದು ಓದಿ. ಬೇರೆ ಆರೋಗ್ಯ ವಿಮೆ ಮಾಡಿಸುವಾಗ ಇರುವ ಬಿಪಿ, ಸಕ್ಕರೆ ಮುಚ್ಚಿಡಬೇಡಿ. 2024ರಿಂದ ಹೊಸ ನಿಯಮದಲ್ಲಿ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು, ಅಷ್ಟು ದಿನ ಕಾದರೆ ಸಿಗುತ್ತದೆ. ಸುಳ್ಳು ಬರೆದರೆ ಬೇಕಾದಾಗ ಕೈಕೊಡುತ್ತದೆ.

ಮನೆ ಕೊಂಡ ಮೊದಲ ವರ್ಷ ಮನೆಯಲ್ಲೇ ಬಿಪಿ ನೋಡಿಕೊಳ್ಳುವುದು ಒಳ್ಳೆಯದು. ತೋಳಿಗೆ ಕಟ್ಟುವ ಯಂತ್ರ ತೆಗೆದುಕೊಳ್ಳಿ, ಮಣಿಕಟ್ಟಿನದು ಬೇಡ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಸಿಗರೇಟು ಬೇಡ. ಮೂತ್ರ ವಿಸರ್ಜನೆ ಮುಗಿಸಿ, ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನೆ ಕೂತು, ತೋಳು ಎದೆಯ ಮಟ್ಟದಲ್ಲಿ ಇಟ್ಟು ನೋಡಿ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಒಂದು ವಾರ. ಮೊದಲ ದಿನದ ಲೆಕ್ಕ ಬಿಟ್ಟು ಉಳಿದದ್ದರ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಡಾಕ್ಟರಿಗೆ ತೋರಿಸಿ. ಕಟ್ಟಿಸಿದವನ ಜೊತೆ ಫೋನಿನಲ್ಲಿ ಜಗಳ ಮುಗಿಸಿದ ಕೂಡಲೇ ನೋಡಬೇಡಿ. ನಾನು ನೋಡಿ 168 ಕಂಡು ಹೆದರಿದ್ದೆ. ವಾರದ ಸರಾಸರಿ 142 ಬಂತು, ಅಂದರೆ ನನಗೂ ಬಿಪಿ ಇತ್ತು, ಅದೂ ಇಷ್ಟು ದಿನ ಗೋಡೆಯ ಖಾತೆಯಲ್ಲೇ ಇತ್ತು. ಈಗ ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತೇನೆ.

ಇನ್ನು ಪಶ್ಚಾತ್ತಾಪ. "ಈ ಮನೆ ಯಾಕೆ ತಗೊಂಡ್ವಿ" ಅನ್ನುವ ಪ್ರಶ್ನೆ ರಾತ್ರಿ ಎರಡು ಗಂಟೆಗೆ ಬಂದರೆ ಅದಕ್ಕೆ ಉತ್ತರ ಇರುವುದಿಲ್ಲ, ನಿದ್ದೆ ಮಾತ್ರ ಹೋಗುತ್ತದೆ. ಗಂಡ ಹೆಂಡತಿ ನಡುವೆ "ನಾನು ಆಗಲೇ ಬೇಡ ಅಂದಿದ್ದೆ" ಶುರುವಾಗುತ್ತದೆ. ನಮ್ಮ ಮನೆಯಲ್ಲೂ ಆಯಿತು, ವಿವರ ಬೇಡ. ನಮಗೆ ಸಹಾಯಕ್ಕೆ ಬಂದದ್ದು ಜಗಳವನ್ನು ಬಾಯಿಂದ ಕಾಗದಕ್ಕೆ ಇಳಿಸಿದ್ದು. 2016ರ ರೇರಾ ಕಾನೂನಿನ ಪ್ರಕಾರ, ಮನೆ ಸ್ವಾಧೀನಕ್ಕೆ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ಅಥವಾ ಕೆಲಸದ ಗುಣಮಟ್ಟದಲ್ಲಿ ದೋಷ ಕಂಡರೆ ಕಟ್ಟಿಸಿದವರು 30 ದಿನದೊಳಗೆ, ಹೆಚ್ಚುವರಿ ಹಣ ಕೇಳದೆ ಸರಿಪಡಿಸಬೇಕು. ಮಾಡದಿದ್ದರೆ ಪರಿಹಾರ ಕೇಳುವ ಹಕ್ಕು ನಿಮಗಿದೆ. ಪಶ್ಚಿಮ ಬಂಗಾಳ 2017ರಲ್ಲಿ ಹೀರಾ ಅಂತ ತನ್ನದೇ ಕಾನೂನು ಮಾಡಿಕೊಂಡಿತ್ತು, 2021ರ ಮೇ 4ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಈಗ ಇಲ್ಲಿಯೂ ಕರ್ನಾಟಕದಲ್ಲಿ ಇರುವ ರೇರಾವೇ. ತಾರೀಖು ಹಾಕಿದ ಫೋಟೊ, ಲಿಖಿತ ದೂರು, ಅದರ ಪ್ರತಿ, ಇಷ್ಟು ಇಟ್ಟುಕೊಳ್ಳಿ. ಫೋನಿನಲ್ಲಿ ಕೂಗಾಡಿದ್ದಕ್ಕೆ ದಾಖಲೆ ಇರುವುದಿಲ್ಲ, ಬಿಪಿಯೊಂದೇ ಉಳಿಯುತ್ತದೆ. ವಾರಕ್ಕೆ ಒಂದು ದಿನ, ಭಾನುವಾರ ಬೆಳಿಗ್ಗೆ ಒಂದು ಗಂಟೆ ಮನೆಯ ತಕರಾರಿಗೆ ಅಂತ ಇಟ್ಟುಕೊಂಡೆವು. ಉಳಿದ ದಿನ ಆ ಮಾತು ಬಂದರೆ "ಭಾನುವಾರ" ಅಂತ ಹೇಳಿ ಸುಮ್ಮನಾಗುವುದು. ಎಲ್ಲ ವಾರ ಸಾಧ್ಯ ಆಗಲಿಲ್ಲ, ಆದ ವಾರ ನಿದ್ದೆ ಬಂತು.

ಎರಡು ವಾರಕ್ಕಿಂತ ಹೆಚ್ಚು ದಿನ ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಅದು ಬರೀ ಮನೆಯ ಬೇಸರ ಅಲ್ಲ, ಚಿಕಿತ್ಸೆ ಇರುವ ಕಾಯಿಲೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಪರಊರಿನಲ್ಲಿ ಮನಸ್ಸಿನ ಮಾತನ್ನು ಬಂಗಾಳಿಯಲ್ಲೋ ಹಿಂದಿಯಲ್ಲೋ ಹೇಳಲಾಗದೆ ನುಂಗಿಕೊಂಡವರು ಈ ನಂಬರ್ ಉಳಿಸಿಕೊಳ್ಳಿ.

ಗೃಹಪ್ರವೇಶ ಇನ್ನೂ ಆಗಬೇಕಾದವರಿಗೆ ಒಂದೆರಡು ಮಾತು. ಪೂಜೆ ಮುಗಿಯುವವರೆಗೆ ಉಪವಾಸ ಅಂತ ಬಿಪಿ ಮಾತ್ರೆ ಬಿಡಬೇಡಿ, ಒಂದು ಗುಟುಕು ನೀರಿನಲ್ಲಿ ನುಂಗಿದರೆ ದೇವರು ಕೋಪಿಸಿಕೊಳ್ಳುವುದಿಲ್ಲ. ಸಕ್ಕರೆ ಮಾತ್ರೆ, ಇನ್ಸುಲಿನ್ ಬೇರೆ ವಿಷಯ. ಊಟವಿಲ್ಲದೆ ತೆಗೆದುಕೊಂಡರೆ ಸಕ್ಕರೆ ಕುಸಿಯಬಹುದು, ಹಿಂದಿನ ದಿನವೇ ಡಾಕ್ಟರನ್ನು ಕೇಳಿ. ಕಿಟಕಿ ಮುಚ್ಚಿದ ಫ್ಲ್ಯಾಟಿನಲ್ಲಿ ಹೋಮ ಮಾಡುವಾಗ ಹೃದಯ, ಶ್ವಾಸಕೋಶದ ತೊಂದರೆ ಇರುವ ಹಿರಿಯರನ್ನು ಹೊಗೆಯ ಎದುರು ಕೂರಿಸಬೇಡಿ. ರಕ್ತ ತೆಳುವಾಗಿಸುವ ಮಾತ್ರೆಯಲ್ಲಿ ಇರುವವರು ಏಣಿ ಹತ್ತಿ ತೋರಣ ಕಟ್ಟಬೇಡಿ.

ನಮ್ಮ ಪಡುವಣ ಗೋಡೆಗೆ ಹೊರಗಿನಿಂದ ಒಮ್ಮೆ ಪ್ಲಾಸ್ಟರ್ ಮಾಡಿಸಿಕೊಟ್ಟಿದ್ದಾರೆ. ಈ ಮಳೆಗಾಲದಲ್ಲಿ ಮೂಲೆಯಲ್ಲಿ ಮತ್ತೆ ಒಂದು ಅಂಗೈಯಗಲ ಉಪ್ಪು ಬಂದಿದೆ, ಎರಡನೇ ದೂರು ಬರೆದು ಕಳಿಸಿದ್ದೇನೆ. ಅಮ್ಮ ಬೆಳಿಗ್ಗೆ ಎದ್ದು ಮೊದಲು ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ, ಆಮೇಲೆ ಲೇಕ್ ಮಾರ್ಕೆಟ್ಟಿನಿಂದ ತಂದ ಪುಡಿಯಲ್ಲಿ ಕಾಫಿ ಮಾಡುತ್ತಾಳೆ. ನೀರಿನ ಮಾತ್ರೆ ತಿಂಡಿಯ ಜೊತೆ. ಒಂದೇ ದಿಂಬಿನಲ್ಲಿ ಮಲಗುತ್ತಾಳೆ.

(ಇದು ಸಾಮಾನ್ಯ ಮಾಹಿತಿ. ನಿಮ್ಮ ಮಾತ್ರೆಗಳನ್ನು ನಿಮ್ಮ ವೈದ್ಯರನ್ನು ಕೇಳದೆ ಬದಲಾಯಿಸಬೇಡಿ, ನಿಲ್ಲಿಸಬೇಡಿ.)